ಮನೆಯೊಂದಕ್ಕೆ ಇಪ್ಪತ್ತೈದು ಇಡ್ಲಿ

ನಮ್ಮ ಹೋಟೆಲಿನಲ್ಲಿ ದಿನಕ್ಕೆ ಆರುನೂರು ಪ್ಲೇಟ್ ಇಡ್ಲಿ ಖರ್ಚಾಗುತ್ತದೆ ಎಂದು ಪೇಪರಿನಲ್ಲಿ ಬಂದಿತ್ತು. ಆ ತುಂಡನ್ನು ಇವತ್ತಿಗೂ ಗಲ್ಲಾದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಹೆಮ್ಮೆಗಲ್ಲ, ಸಿಟ್ಟಿಗೆ. ಸಿಟ್ಟು ಸ್ವಲ್ಪ ಆರಿತು ಅನ್ನಿಸಿದಾಗ ತೆಗೆದು ಒಮ್ಮೆ ಓದುತ್ತೇನೆ, ಪುನಃ ಸರಿಯಾಗುತ್ತದೆ.

ನಾನು ವಾರಿಜಾ. ನನ್ನ ಯಜಮಾನರು ಮುರಾರಿ ರಾಯರು. ಉಡುಪಿಯಿಂದ ಬಂದವರು ಹೋಟೆಲ್ ಇಡದೆ ಇನ್ನೇನು ಮಾಡುತ್ತಾರೆ ಎಂದು ಜನ ಕೇಳುತ್ತಾರೆ, ನಾವೂ ಅದನ್ನೇ ಮಾಡಿದೆವು. ನವಿ ಮುಂಬೈಯ ಘಣಸೋಲಿಯಲ್ಲಿ ಎರಡು ಕಟ್ಟಡಗಳ ಒಂದು ಸೊಸೈಟಿ, ನಲವತ್ತೆಂಟು ಮನೆ. ಅದರ ಕೆಳಗಿನ ಅಂಗಡಿ ಸಾಲಿನಲ್ಲಿ ಆರು ಮೇಜಿನ ನಮ್ಮ ಹೋಟೆಲು, ಇಪ್ಪತ್ತೆರಡು ವರ್ಷದ್ದು. ಒಳಗೆ ಅಡುಗೆಗೆ ಕಿಟ್ಟಣ್ಣ, ಅವನ ಬೆನ್ನಿಗೆ ಇವರು, ಗಲ್ಲಾದಲ್ಲಿ ನಾನು. ಅಂಗಡಿ ನಮ್ಮದಲ್ಲ. ಹಳೇ ಘಣಸೋಲಿ ಗಾಂವಿನ ಮ್ಹಾತ್ರೆಯದು. ಪ್ರತಿ ವರ್ಷ ಮಾರ್ಚ್ ಕೊನೆಗೆ ಕರಾರು ಹೊಸದಾಗಬೇಕು.

ವ್ಯಾಪಾರ ಹೇಗಿತ್ತು ಎಂದರೆ, ದಿನಕ್ಕೆ ಅರವತ್ತು ಪ್ಲೇಟ್ ಇಡ್ಲಿ. ಒಳ್ಳೆಯ ದಿನ ಎಪ್ಪತ್ತು. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ.

ಎರಡು ಸಾವಿರದ ಹದಿನಾರರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದವು. ಎಟಿಎಮ್ಮಿನ ಮುಂದೆ ಸಾಲು ನಿಂತು ನಿಂತು ಜನರ ಕಾಲು ಊದಿಕೊಂಡಿತು. ಆ ವಾರವೇ ಒಬ್ಬ ಟೈ ಕಟ್ಟಿದವನು ಬಂದು ನಮ್ಮ ಯಜಮಾನರಿಗೆ ಒಂದು ಕಾರ್ಡ್ ಯಂತ್ರ ಅಂಟಿಸಿ ಹೋದ. ಬಿಲ್ಲು, ಕಾರ್ಡು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಇಡೀ ಸಾಲಿನಲ್ಲಿ ಅಂಥದ್ದು ನಮ್ಮಲ್ಲೊಂದೇ.

ಮೊದಲು ಬಂದವಳು ಚಂದ್ರಬಾಯಿ. ವಿಜಾಪುರದ ಕಡೆಯವಳು, ನಮ್ಮ ಮೆಟ್ಟಿಲ ಪಕ್ಕದಲ್ಲೇ ತರಕಾರಿ ಮಾರುತ್ತಾಳೆ.

"ಅಣ್ಣಾರ, ಗಿರಾಕಿ ಕೈಯಾಗ ಬರೇ ಕಾರ್ಡ್ ಐತ್ರಿ. ನಿಮ್ಮ ಡಬ್ಬಿಯಾಗ ತಿಕ್ಕಿಸಿಕೋರಿ, ನನಗ ಆಮ್ಯಾಲೆ ಕೊಡ್ರಿ. ಇಲ್ಲಂದ್ರ ಈ ಬದನಿಕಾಯಿ ನಾನಽ ತಿನ್ನಬೇಕು."

ನಮ್ಮವರ ಬಾಯಲ್ಲಿ 'ಇಲ್ಲ' ಎನ್ನುವ ಶಬ್ದ ದೇವರು ಇಟ್ಟೇ ಇಲ್ಲ. ಆಯ್ತು ಅಂದರು. ಅವಳ ಹಿಂದೆ ಇಸ್ತ್ರಿಯವನು, ಅವನ ಹಿಂದೆ ಕ್ಷೌರದವನು, ಹೂವಿನವಳು, ಕೊನೆಗೆ ಗಣಪತಿ ಗುಡಿಯ ಅರ್ಚಕರು. ಎಲ್ಲರ ಗಿರಾಕಿಗಳೂ ನಮ್ಮ ಗಲ್ಲಾಕ್ಕೆ ಬಂದು ಕಾರ್ಡ್ ಉಜ್ಜುವುದು. ಬ್ಯಾಂಕಿನಿಂದ ಕೈಗೆ ಸಿಕ್ಕಷ್ಟು ನಗದು, ಉಳಿದದ್ದಕ್ಕೆ ಚೆಕ್ಕು ಎಂದು ಇವರು ಅವರವರಿಗೆ ಮುಟ್ಟಿಸುವುದು. ಇದರಲ್ಲಿ ನಮಗೆ ಸಿಕ್ಕಿದ್ದು ಇಷ್ಟೇ, ಬಂದವರಲ್ಲಿ ನಾಲ್ಕು ಜನ ಕಾಫಿ ಕುಡಿದು ಹೋಗುತ್ತಿದ್ದರು.

ಆದರೆ ಯಂತ್ರಕ್ಕೊಂದು ಹಟ ಇತ್ತು. ಯಾವ ತಿಂಡಿ ಎಂದು ಒತ್ತದೆ ಅದು ಕಾರ್ಡನ್ನು ಮುಟ್ಟುತ್ತಿರಲಿಲ್ಲ. ಇಡ್ಲಿ, ವಡೆ, ದೋಸೆ, ಉಪ್ಪಿಟ್ಟು, ಹೀಗೆ ಗುಂಡಿಗಳು. ಬದನೆಕಾಯಿಗೆ ಗುಂಡಿ ಇಲ್ಲ.

"ಮಸಾಲೆ ದೋಸೆ ಅಂತ ಒತ್ತಿ, ಬೇಗ ಮುಗೀತದೆ" ಎಂದೆ ನಾನು.

ಇವರು ಕೈ ಹಿಂದೆಗೆದರು. "ಎಂತ ಹೇಳ್ತೀಯ ನೀನು? ಅದರಲ್ಲಿ ನೀರುಳ್ಳಿ ಉಂಟು. ಅರ್ಚಕರ ದಕ್ಷಿಣೆಯನ್ನು ನೀರುಳ್ಳಿಯ ಲೆಕ್ಕದಲ್ಲಿ ಬರೆಯುವುದಾ? ದೇವರ ಹೂವನ್ನು?"

"ಹಾಗಾದರೆ ಉಪ್ಪಿಟ್ಟು."

"ನಮ್ಮ ಉಪ್ಪಿಟ್ಟಿಗೂ ಕಿಟ್ಟಣ್ಣ ನೀರುಳ್ಳಿ ಹಾಕ್ತಾನೆ."

ಹಾಗೆ ಸೋಸಿ ಸೋಸಿ ಉಳಿದದ್ದು ಇಡ್ಲಿ. ಇಡ್ಲಿಗೆ ಮೈಲಿಗೆ ಇಲ್ಲ, ನೈವೇದ್ಯಕ್ಕೂ ಆಗುತ್ತದೆ, ರೋಗಿಗೂ ಆಗುತ್ತದೆ. ಎರಡು ಇಡ್ಲಿಯ ಪ್ಲೇಟಿಗೆ ಮೂವತ್ತು ರೂಪಾಯಿ. ಸೊಪ್ಪು, ತರಕಾರಿ, ಕ್ಷೌರ, ಮಲ್ಲಿಗೆ ಹೂವು, ಸತ್ಯನಾರಾಯಣ ಪೂಜೆ, ಎಲ್ಲವೂ ನಮ್ಮ ಯಂತ್ರದಲ್ಲಿ ಇಡ್ಲಿಯಾಗಿ ಹೋಯಿತು. ಸುಳ್ಳು ಬರೆಯಬಾರದು ಎನ್ನುವ ಮನುಷ್ಯ, ಮಡಿಯ ಸುಳ್ಳಾದರೆ ಬರೆಯಬಹುದು ಎಂದು ತೀರ್ಮಾನ ಮಾಡಿದ್ದರು. ಮದುವೆಯಾಗಿ ಮೂವತ್ತು ವರ್ಷವಾದರೂ ಈ ತಲೆಯ ಒಳಗೆ ಏನಿದೆ ಎಂದು ನನಗೆ ಗೊತ್ತಾಗಿಲ್ಲ.

ಹದಿನೈದು ದಿನದಲ್ಲಿ ಸೊಸೈಟಿಯ ಭಾಷೆಯೇ ಬದಲಾಯಿತು. ಕ್ಷೌರ ಎರಡು ಇಡ್ಲಿ, ಗಡ್ಡ ಸೇರಿದರೆ ಮೂರು. ಎರಡನೇ ಮಹಡಿಯ ಪಂಕಜಮ್ಮ ಹೂಕೋಸು ಹಿಡಿದುಕೊಂಡು "ಇದು ಎಷ್ಟು ಇಡ್ಲಿ?" ಎಂದು ಕೇಳುವುದು, ಚಂದ್ರಬಾಯಿ "ಒಂದೂವರೀರಿ, ಮ್ಯಾಲೆ ಅರ್ಧ ಇಡ್ಲಿ ಕೋತಂಬರಿ ಹಾಕ್ತೀನಿ, ಎರಡು ಮಾಡ್ರಿ" ಎನ್ನುವುದು. ಸಂಜೆಗೆ ಯಂತ್ರ ಆರುನೂರು ಪ್ಲೇಟ್ ತೋರಿಸುತ್ತಿತ್ತು. ಒಲೆಯ ಮೇಲೆ ಬೆಂದದ್ದು ಮಾತ್ರ ಅದೇ ಅರವತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುವ ಅಗತ್ಯ ಇರಲಿಲ್ಲ.

ಮೂರನೇ ಮಹಡಿಯಲ್ಲಿ ನಾಲ್ಕು ಹುಡುಗರು ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಅವರಲ್ಲೊಬ್ಬ ಮೈಸೂರಿನ ಹೃಷಿಕೇಶ್. ಐರೋಲಿಯ ಯಾವುದೋ ಕಂಪನಿಯಲ್ಲಿ ಕೆಲಸ. ಎರಡು ಹೊತ್ತೂ ನಮ್ಮಲ್ಲೇ ತಿನ್ನುವವನು, ಒಳ್ಳೆಯ ಹುಡುಗ, ಆದರೆ ಫೋನಿನಿಂದ ಕಣ್ಣು ತೆಗೆಯುವುದಿಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಬಂದವನ ಮುಖದಲ್ಲಿ ಮದುವೆಯ ಕಳೆ.

"ಆಂಟಿ, ನಮ್ಮ ಕಂಪನೀಲಿ ಏನ್ಮಾಡ್ತೀವಿ ಗೊತ್ತಾ? ಜನ ಕಾರ್ಡ್ ಉಜ್ಜಿದ ಹತ್ತು ನಿಮಿಷಕ್ಕೆ, ಯಾವ ಏರಿಯಾದ ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡಿದ್ವು ಅಂತ ಪರದೆ ಮೇಲೆ ಬಂದ್ಬಿಡುತ್ತೆ. ಯಾರ ಹೆಸರೂ ಕಾಣಲ್ಲ. ಬರೀ ಮನೆಗಳು. ಸರ್ಕಾರ ಇದನ್ನ ಲೆಕ್ಕ ಹಾಕೋಕೆ ವರ್ಷ ತಗೊಳುತ್ತೆ. ನಮ್ಮದು ಬಿಸಿಬಿಸಿ."

"ಅದಕ್ಕೆ?"

"ಘಣಸೋಲಿಯ ಈ ಎರಡು ಕಟ್ಟಡದಲ್ಲಿ ಮನೆಯೊಂದಕ್ಕೆ ದಿನಕ್ಕೆ ಇಪ್ಪತ್ತೈದು ಇಡ್ಲಿ. ಇಡೀ ನವಿ ಮುಂಬೈನಲ್ಲಿ ಇಂಥದ್ದು ಎಲ್ಲೂ ಇಲ್ಲ. ಕಂಡುಹಿಡಿದೋನು ನಾನು. ಏಕಾದಶಿ ದಿನ ಕಮ್ಮಿ ಆಗುತ್ತೆ ಅಂದ್ಕೊಂಡಿದ್ದೆ, ಇನ್ನೂ ಜಾಸ್ತಿ ಆಗಿದೆ."

ಏಕಾದಶಿಗೆ ತುಳಸಿ, ಹೂವು, ಹಣ್ಣು ಹೆಚ್ಚು ಹೋಗುತ್ತದೆ, ಜಾಸ್ತಿ ಆಗದೆ ಏನು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ, ನೀರುಳ್ಳಿಯಿಂದ ಹಿಡಿದು. ಅವನು ಚಮಚ ಕೆಳಗಿಟ್ಟು ಮಗುವಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ, "ಡೇಟಾ ಸುಳ್ಳು ಹೇಳಲ್ಲ ಆಂಟಿ" ಅಂದ.

"ಹಿಂದೆ ತಿರುಗಿ ನೋಡು ಮಾರಾಯಾ. ಆರು ಮೇಜು. ಕೂತದ್ದು ನೀನೊಬ್ಬ."

ತಿರುಗಿ ನೋಡಿದ. ಐದು ಖಾಲಿ ಮೇಜುಗಳನ್ನು ಒಂದೊಂದಾಗಿ ನೋಡಿದ. "ಕಣ್ಣಲ್ಲಿ ಕಾಣೋದು ಬರೀ ಸ್ಯಾಂಪಲ್" ಎಂದು ಹೇಳಿ, ಇನ್ನೊಂದು ಸ್ವಲ್ಪ ಚಟ್ನಿ ಕೇಳಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅವನ ಕಂಪನಿ ಅದನ್ನು ಪೇಪರಿನವರಿಗೆ ಕೊಟ್ಟಿತು, ಪೇಪರಿನವರು ನಮ್ಮ ಹೋಟೆಲಿನ ಬೋರ್ಡಿನ ಫೋಟೋ ಸಮೇತ ಹಾಕಿದರು. ಇಡ್ಲಿ ತಿನ್ನಲು ಯಾರೂ ಬರಲಿಲ್ಲ. ಓದಿದವರೆಲ್ಲ ಅಲ್ಲಿ ಜಾಗ ಸಿಗಲಿಕ್ಕಿಲ್ಲ ಎಂದುಕೊಂಡಿರಬೇಕು. ಬಂದವನು ಒಬ್ಬನೇ, ಮ್ಹಾತ್ರೆ.

ಪೇಪರನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದ. ಅವನು ನಮ್ಮೊಡನೆ ಮರಾಠಿ, ಹಿಂದಿ ಕಲಸಿ ಮಾತಾಡುತ್ತಾನೆ, ನಾನೂ ಹಾಗೇ ಉತ್ತರ ಕೊಡುತ್ತೇನೆ. ನನ್ನನ್ನು ಕರೆಯುವುದು ವಹಿನಿ, ಅಂದರೆ ಅತ್ತಿಗೆ ಎಂದು.

"ವಹಿನಿ, ಇಪ್ಪತ್ತೆರಡು ವರ್ಷ ವ್ಯಾಪಾರ ಇಲ್ಲ, ವ್ಯಾಪಾರ ಇಲ್ಲ ಅಂತ ಅತ್ತು ಬಾಡಿಗೆ ಮೂವತ್ತೈದಕ್ಕೇ ನಿಲ್ಲಿಸಿದ್ದೀರಿ. ದಿನಕ್ಕೆ ಆರುನೂರು ಪ್ಲೇಟ್. ಏಪ್ರಿಲ್‌ನಿಂದ ಎಪ್ಪತ್ತು ಸಾವಿರ. ಆಗದಿದ್ದರೆ ಕೀಲಿಕೈ ಕೊಡಿ, ಮೊಬೈಲ್ ಅಂಗಡಿಯವನು ಕಾದಿದ್ದಾನೆ."

ಮೂವತ್ತೈದನ್ನೇ ಹೇಗೆ ಹೊಂದಿಸುತ್ತಿದ್ದೆವೋ ನಮಗೇ ಗೊತ್ತು. ಎಪ್ಪತ್ತೆಂದರೆ ಬಾಗಿಲು ಹಾಕಿದ ಹಾಗೇ. ಅರವತ್ತನೇ ವಯಸ್ಸಿನಲ್ಲಿ ಇವರು ಇನ್ನೊಬ್ಬರ ಅಡುಗೆಮನೆಯಲ್ಲಿ ಸೌಟು ಹಿಡಿಯಬೇಕು. ಮ್ಹಾತ್ರೆಯನ್ನು ಎಳೆದುಕೊಂಡೇ ಒಳಗೆ ಹೋಗಿ ಇಡ್ಲಿ ಪಾತ್ರೆ ತೋರಿಸಿದೆ. ಒಂದು ಒಬ್ಬೆಗೆ ಎಪ್ಪತ್ತೆರಡು ಇಡ್ಲಿ. ಇದರಲ್ಲಿ ದಿನಾ ಆರುನೂರು ಪ್ಲೇಟ್ ಎಲ್ಲಿಂದ ಬರಬೇಕು ಎಂದು ಕೇಳಿದೆ.

ಅವನು ಪಾತ್ರೆಯನ್ನು ನೋಡಲಿಲ್ಲ, ಪಾತ್ರೆಯ ಹಿಂದಿನ ಗೋಡೆಯನ್ನು ತಟ್ಟಿ ನೋಡಿದ, ಇನ್ನೊಂದು ಅಡುಗೆಮನೆ ಇದೆಯೋ ಎಂದು. ಬದನೆಕಾಯಿಯ ಕಥೆ, ಕ್ಷೌರದ ಕಥೆ ಎಲ್ಲ ಹೇಳಿದೆ.

"ಕಂಪ್ಯೂಟರ್ ಚುಕತ ನಾಹೀ, ವಹಿನಿ" ಅಂದ. ಕಂಪ್ಯೂಟರು ತಪ್ಪುವುದಿಲ್ಲವಂತೆ.

ಕಾಡಿ ಬೇಡಿ ಕೊನೆಗೆ ಒಂದು ಮಾತಿಗೆ ಒಪ್ಪಿಸಿದೆ. ಮಾರ್ಚ್ ಕೊನೆಯ ಭಾನುವಾರ ಅವನು ಬೆಳಗಿನಿಂದ ಸಂಜೆಯವರೆಗೆ ನಮ್ಮ ಹೋಟೆಲಿನಲ್ಲೇ ಕೂತು ಎಣಿಸುವುದು. ಇನ್ನೂರಕ್ಕಿಂತ ಕಡಿಮೆ ಪ್ಲೇಟ್ ಹೋದರೆ ಹಳೇ ಬಾಡಿಗೆ, ಮೀರಿದರೆ ಎಪ್ಪತ್ತು. ನಮ್ಮ ಅರವತ್ತರ ಮೇಲೆ ನನಗೆ ಅಷ್ಟು ಭರವಸೆ. ಹೋಟೆಲು ಖಾಲಿ ಇದೆ ಎಂದು ಇಷ್ಟು ಸಮಾಧಾನ ಪಟ್ಟವಳು ಈ ಮುಂಬೈಯಲ್ಲೇ ನಾನೊಬ್ಬಳಿರಬೇಕು.

ಮಾರ್ಚ್ ಮೊದಲಿಗೇ ಎಟಿಎಮ್ಮುಗಳಿಗೆ ನೋಟು ಬಂದಿತ್ತು. ನಾನು ಯಂತ್ರದ ಮೇಲೆ ಕೈಯೊರಸುವ ಬಟ್ಟೆ ಹೊದಿಸಿ, ಇನ್ನು ಬೇರೆಯವರ ಬಾಬ್ತು ಒಂದೂ ಇಲ್ಲಿ ಉಜ್ಜಬಾರದು ಎಂದೆ. ನಮ್ಮ ಗಿರಾಕಿಗಳೂ ಚಿಲ್ಲರೆಯಲ್ಲೇ ಕೊಡತೊಡಗಿದರು. ಆರುನೂರು ಇದ್ದದ್ದು ಮೂರು ದಿನದಲ್ಲಿ ಎಂಟಕ್ಕೆ ಇಳಿಯಿತು. ಆ ಎಂಟೂ ಹೃಷಿಕೇಶನದು ಮತ್ತು ಅವನ ಗೆಳೆಯರದು.

ಸರಿಯಾಯಿತು ಅಂದುಕೊಂಡೆ. ಎಣಿಕೆಗೆ ಎರಡು ದಿನ ಇರುವಾಗ, ಶುಕ್ರವಾರ ಮಧ್ಯಾಹ್ನ ಹೃಷಿಕೇಶ್ ತನ್ನ ಮೇಲಿನ ಅಧಿಕಾರಿಯನ್ನು ಕರೆದುಕೊಂಡು ಬಂದ. ಪ್ರಕೃತಿ ಎಂದು, ಬೆಂಗಳೂರಿನ ಹುಡುಗಿ, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಆಂಟಿ, ಮೂರು ವಾರದಿಂದ ನಿಮ್ಮ ಏರಿಯಾ ಪರದೆ ಮೇಲೆ ಕೆಂಪಾಗಿದೆ" ಅಂದಳು. "ದಿನಾ ಇಪ್ಪತ್ತೈದು ಇಡ್ಲಿ ತಿಂತಿದ್ದ ಮನೆಗಳು ಈಗ ಅರ್ಧ ಇಡ್ಲಿಗೂ ಗತಿ ಇಲ್ಲದೆ ಕೂತಿವೆ. ನೋಡಿಕೊಂಡು ಸುಮ್ನಿರೋಕೆ ಆಗ್ಲಿಲ್ಲ. ಕಂಪನೀಲಿ ಸಮಾಜಸೇವೆ ದುಡ್ಡು ಸ್ವಲ್ಪ ಉಳಿದಿದೆ, ಮಾರ್ಚ್ ಒಳಗೆ ಮುಗಿಸ್ಲೇಬೇಕು. ಭಾನುವಾರ ನಲವತ್ತೆಂಟು ಮನೆಗೂ ಊಟದ ಪೊಟ್ಟಣ ಕೊಡ್ತೀವಿ. ಅವರ ಅಭ್ಯಾಸದ ಪ್ರಕಾರ ಮನೆಗೆ ಇಪ್ಪತ್ತೈದು. ಒಟ್ಟು ಆರುನೂರು ಪ್ಲೇಟ್. ಹತ್ತಿರದ ಹೋಟೆಲ್ ನಿಮ್ದೇ."

ನಾನು ಹೃಷಿಕೇಶನನ್ನು ನೋಡಿದೆ. ಅವನು ಅದೇ ಕಟ್ಟಡದಲ್ಲಿ ಮಲಗುವವನು. ಪಂಕಜಮ್ಮನ ಮನೆಯ ಹೋಳಿಗೆ ವಾಸನೆ ಮೂಗಿಗೆ ಬಡಿಯುತ್ತಲೇ ಮೆಟ್ಟಿಲಿಳಿಯುವವನು.

"ಯಾರಪ್ಪಾ ಹಸಿದವರು? ಪಂಕಜಮ್ಮನಾ? ಅವರ ಮನೆಯಲ್ಲಿ ಫ್ರಿಜ್ಜು ಎರಡುಂಟು."

"ಜನ ಕಷ್ಟನ ತೋರಿಸ್ಕೊಳಲ್ಲ ಆಂಟಿ" ಅಂದ, ಮೆಲ್ಲಗೆ.

ಮತ್ತೆ ಭಾನುವಾರವೇ ಯಾಕೆ ಆಗಬೇಕು. ಮ್ಹಾತ್ರೆಗೆ ಫೋನು ಮಾಡಿ, ಎಣಿಕೆಯನ್ನು ಬೇರೆ ದಿನ ಇಟ್ಟುಕೊಳ್ಳೋಣ ಎಂದೆ. ಏನೋ ಮುಚ್ಚಿಡುತ್ತಿದ್ದೀರಿ ಎಂದು ಅವನು ಇನ್ನೂ ಗಟ್ಟಿಯಾದ. ಕಂಪನಿಯ ದಾನದ ಆರ್ಡರು ಅದು ಎಂದರೆ, ಗಿರಾಕಿ ಯಾರಾದರೇನು, ಇಡ್ಲಿ ಇಡ್ಲಿಯೇ ಅಂದ.

ಯಜಮಾನರ ಹತ್ತಿರ ಹೋಗಿ ನಿಂತೆ. "ಆಗುವುದಿಲ್ಲ ಅಂತ ಹೇಳಿ. ಈ ಜನ್ಮದಲ್ಲಿ ಒಂದು ಸಲ ಇಲ್ಲ ಅಂತ ಹೇಳಿ. ಇಲ್ಲದಿದ್ದರೆ ನಮ್ಮ ಹೋಟೆಲು ಹೋಗ್ತದೆ."

ಅವರು ಟವಲಿನಿಂದ ಕೈ ಒರಸಿಕೊಂಡರು. ಒರಸಿದ್ದನ್ನೇ ಎಷ್ಟೋ ಹೊತ್ತು ಒರಸಿದರು.

"ಹಸಿದವರಿಗೆ ಅಂತ ಕೇಳ್ತಿದ್ದಾರೆ, ವಾರಿಜಾ."

"ಹಸಿದವರೇ ಇಲ್ಲ."

"ಅದು ಅವರಿಗೆ ಗೊತ್ತಿಲ್ಲವಲ್ಲ. ಕೇಳುವವರು ನಿಜವಾಗಿಯೇ ಕೇಳುವುದು."

ಕಿಟ್ಟಣ್ಣ ಒಳಗಿನಿಂದ ಕತ್ತು ಚಾಚಿ, "ಆರುನೂರು ಪ್ಲೇಟಾ ಅಕ್ಕಾ?" ಅಂದ. ಅವನ ಮುಖ ನೋಡಬೇಕಿತ್ತು. ಹದಿನಾಲ್ಕು ವರ್ಷದಿಂದ ಎಪ್ಪತ್ತರ ಮೇಲೆ ಹತ್ತದ ಕೈ ಅವನದು. ನಾನು ಸುಳ್ಳು ಹೇಳುವುದಿಲ್ಲ, ನನಗೂ ಆಸೆಯಾಯಿತು. ಒಂದು ದಿನವಾದರೂ ಗಲ್ಲಾದಲ್ಲಿ ಕೂತು ಪ್ಲೇಟಿನ ಸದ್ದು ನಿಲ್ಲದೆ ಕೇಳಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಇದ್ದ ಆಸೆ. ಬಂದದ್ದು ಬರಲಿ ಎಂದು ಅಕ್ಕಿ ನೆನೆಹಾಕಲು ಹೇಳಿದೆ.

ಭಾನುವಾರ ಮ್ಹಾತ್ರೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬಾಗಿಲ ಬಳಿಯ ಮೇಜಿನಲ್ಲಿ ಕೂತ. ಯಾರದೋ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದ. ಹದಿನೇಳು ಒಬ್ಬೆ. ಹಬೆಯಲ್ಲಿ ಯಜಮಾನರ ಕನ್ನಡಕ ಮುಚ್ಚಿಹೋಗಿ, ಅದನ್ನು ತೆಗೆದಿಟ್ಟು ಅಂದಾಜಿನಲ್ಲೇ ಕೆಲಸ ಮಾಡಿದರು. ನಾನು ಇಡ್ಲಿ ಬಿಡಿಸಿ ಬಿಡಿಸಿ ಬಲಗೈ ಭುಜದಿಂದ ಕಳಚಿಬಿತ್ತು ಅಂದುಕೊಂಡೆ. ಇನ್ನೂರು ದಾಟಿದಾಗ ಮ್ಹಾತ್ರೆ ನನ್ನತ್ತ ನೋಡಿ ತಲೆಯಾಡಿಸಿದ. ನನಗೆ ಅಳು ಬಂತು, ಆದರೆ ಒಬ್ಬೆ ಬಂದಿತ್ತು, ಅಳಲು ಪುರುಸೊತ್ತಿರಲಿಲ್ಲ. ಹತ್ತು ಗಂಟೆಗೆ ಅವನೂ ಹಸಿವು ಅಂದ. ಎಂಟು ಇಡ್ಲಿ ತಿಂದು, "ಮೀಠ ಥೋಡಂ ಕಮೀ" ಅಂದ. ಉಪ್ಪು ಸ್ವಲ್ಪ ಕಡಿಮೆಯಂತೆ. ಉರಿದುಹೋಯಿತು ನನಗೆ.

ಆರುನೂರು ಪ್ಲೇಟಿಗೂ ಪ್ರಕೃತಿ ಒಂದೇ ಸಲಕ್ಕೆ ಕಂಪನಿಯ ಕಾರ್ಡ್ ಉಜ್ಜಿದಳು. ಯಂತ್ರದಲ್ಲಿ ಆ ದಿನ ಆರುನೂರಕ್ಕೆ ಆರುನೂರೂ ಇಡ್ಲಿಯೇ ಇಡ್ಲಿಯಾಗಿ ಹೋಯಿತು, ಮೊತ್ತಮೊದಲ ಬಾರಿ. ಕಂಪನಿಯ ಟೀ ಶರ್ಟು ಹಾಕಿದವರು ಮನೆಮನೆಗೆ ಕರುಣೆಯಿಂದ ಪೊಟ್ಟಣ ಹಂಚಿದರು. ಪಂಕಜಮ್ಮ ಬಾಲ್ಕನಿಯಿಂದ ಬಗ್ಗಿ, "ವಾರಿಜಾ, ನಾವಿರೋದು ಇಬ್ಬರು, ಇಪ್ಪತ್ತೈದು ಏನು ಮಾಡಲಿ?" ಅಂದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸೊಸೈಟಿ ಪೊಟ್ಟಣ ಹಿಡಿದುಕೊಂಡು ಚಂದ್ರಬಾಯಿಯ ಮುಂದೆ ನಿಂತಿತ್ತು. ಮೆಂತ್ಯ ಸೊಪ್ಪಿಗೆ ಒಂದು ಪ್ಲೇಟ್, ಹೂಕೋಸಿಗೆ ಎರಡು, ನಿಜವಾದದ್ದೇ.

"ಯವ್ವಾ, ಇಷ್ಟು ದಿನ ಆಡಿದ್ದು ಬರೇ ಬಾಯಿ ಲೆಕ್ಕ" ಎಂದು ಅವಳು ಬುಟ್ಟಿಗೆ ಸೆರಗು ಮುಚ್ಚಿದಳು. "ಇದನ್ನ ನಾ ಎಲ್ಲಿ ಇಡ್ಲಿ?"

ಸಂಜೆ ಮ್ಹಾತ್ರೆ ಗೆರೆಗಳನ್ನು ಎರಡು ಸಲ ಕೂಡಿಸಿ, ನಾಳೆ ಬೆಳಿಗ್ಗೆ ಕರಾರು ತರುತ್ತೇನೆ ಎಂದು ಎದ್ದ. ನಾವು ಮೂವರೂ ಪಾತ್ರೆ ತೊಳೆದೆವು.

ಸೋಮವಾರ ಎಪ್ಪತ್ತು ಸಾವಿರದ ಕಾಗದ ಮೇಜಿನ ಮೇಲೆ ಬಿತ್ತು. ಪಕ್ಕದ ಮೇಜಿನಲ್ಲಿ ಹೃಷಿಕೇಶ್ ಕಾಫಿ ಕುಡಿಯುತ್ತಿದ್ದ. ಯಜಮಾನರು ಪೆನ್ನು ಹುಡುಕುವ ನೆಪದಲ್ಲಿ ಒಳಗೆ ಹೋದವರು ಹೊರಗೆ ಬರಲಿಲ್ಲ. ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು.

"ನೋಡಪ್ಪಾ, ನಿನ್ನ ಪರದೆಗೆ ಸಮಾಧಾನ ಆಯ್ತಾ? ನಿನ್ನೆ ಆರುನೂರು. ಕೆಂಪು ಹೋಯ್ತಾ?"

ಅವನು ಮುಖ ಸಣ್ಣಗೆ ಮಾಡಿದ. "ಇಲ್ಲ ಆಂಟಿ. ನಿನ್ನೇದನ್ನ ಕಂಪ್ಯೂಟರ್ ತೆಗೆದುಹಾಕಿಬಿಡ್ತು. ಒಂದೇ ಕಾರ್ಡಲ್ಲಿ ಆರುನೂರು ಪ್ಲೇಟ್ ಬಂತಲ್ಲ, ಒಂದು ಮನೆಯವರು ಅಷ್ಟು ತಿನ್ನೋದು ಅಸಾಧ್ಯ, ಇದು ತಪ್ಪು ಮಾಹಿತಿ ಅಂತ. ನಿನ್ನೆ ನಿಮ್ಮಲ್ಲಿ ಸೊನ್ನೆ ಇಡ್ಲಿ."

"ಸೊನ್ನೆ?"

"ಸೊನ್ನೆ."

ನನ್ನ ಭುಜ ಇನ್ನೂ ಎತ್ತಲು ಬರುತ್ತಿರಲಿಲ್ಲ. ನಾಲ್ಕು ತಿಂಗಳು ಮಾಡದ ಇಡ್ಲಿಯನ್ನೆಲ್ಲ ಎಣಿಸಿದ ಪರದೆ, ಮಾಡಿದ ಒಂದೇ ಒಂದು ದಿನದ್ದನ್ನು ಒರಸಿ ಹಾಕಿತ್ತು. ಆ ಫೋನನ್ನು ಸಾಂಬಾರಿಗೆ ಹಾಕಬೇಕು ಅನ್ನಿಸಿತು. ಕೈಯಿಂದ ಕಿತ್ತುಕೊಂಡೂ ಬಿಟ್ಟಿದ್ದೆ. ಆಗ ಮೇಜಿನ ಮೇಲಿನ ಕಾಗದ ಕಣ್ಣಿಗೆ ಬಿತ್ತು.

ಡ್ರಾಯರಿನಿಂದ ಪೇಪರಿನ ತುಂಡು ತೆಗೆದೆ. ಫೋನನ್ನೂ ಅದನ್ನೂ ಮ್ಹಾತ್ರೆಯ ಮುಂದೆ ಒಟ್ಟಿಗೆ ಇಟ್ಟೆ.

"ಆವತ್ತಿನ ಆರುನೂರು ಹೇಳಿದ್ದು ಈ ಪರದೆಯೇ. ಇದೇ ಪರದೆ ನಿನ್ನೆಯದ್ದು ಸೊನ್ನೆ ಅನ್ನುತ್ತಿದೆ. ಕಂಪ್ಯೂಟರ್ ತಪ್ಪುವುದಿಲ್ಲ ಅಂದದ್ದು ನೀವು."

ಅವನು ಪರದೆ ನೋಡಿದ. ಜೇಬಿನಿಂದ ಲಗ್ನಪತ್ರಿಕೆ ತೆಗೆದು ತನ್ನ ಗೆರೆಗಳನ್ನು ನೋಡಿದ. ಪುನಃ ಪರದೆ ನೋಡಿದ. ಹೃಷಿಕೇಶನನ್ನು ಕೇಳಿದ, ಖರೆಯೇ ಎಂದು. ಹೃಷಿಕೇಶ್ ತಲೆಯಾಡಿಸಿದ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದನ್ನು ಆ ಮನುಷ್ಯ ಎದುರಿಗೇ ಮಾಡಿ ತೋರಿಸಿದ. ಪೆನ್ಸಿಲಿನ ಗೆರೆಗಳ ಮೇಲೆ ಅಡ್ಡಗೆರೆ ಎಳೆದು, ಎಪ್ಪತ್ತನ್ನು ಹೊಡೆದು ಮೂವತ್ತೈದು ಬರೆದು ಸಹಿ ಹಾಕಿದ.

ಬಾಗಿಲವರೆಗೆ ಹೋದವನು ನಿಂತ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಹಳ ಗೊಂದಲದಿಂದ ನನ್ನನ್ನು ಕೇಳಿದ: "ವಹಿನಿ, ಹಾಗಾದರೆ ನಾನು ತಿಂದದ್ದು ಏನು?"

"ಏನೂ ಇಲ್ಲ" ಅಂದೆ.

ಇಪ್ಪತ್ತೆರಡು ವರ್ಷದಲ್ಲಿ ನಾವು ಮಾಡಿದ ತಿಂಡಿಯನ್ನು ನಾನೇ ಇಲ್ಲ ಅಂದದ್ದು ಅದೊಂದೇ ಸಲ. ಹೋಟೆಲು ಉಳಿಯಿತು ಎಂದು ಕಿಟ್ಟಣ್ಣ ಸೌಟು ಬಡಿಯುತ್ತಿದ್ದ, ನಾನು ಗಲ್ಲಾದಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಯಜಮಾನರು ಬಂದರು. ಸಮಾಧಾನ ಹೇಳಲು ಅವರಿಗೆ ಯಾವತ್ತೂ ಬರುವುದಿಲ್ಲ. ನಿನ್ನೆಯದರಲ್ಲಿ ಉಳಿದಿದ್ದ ಒಂದೇ ಒಂದು ಇಡ್ಲಿಯನ್ನು ಬಿಸಿ ಮಾಡಿ, ಬಟ್ಟಲಿನಲ್ಲಿ ಹಾಕಿ ನನ್ನ ಮುಂದೆ ಇಟ್ಟು, ಪಕ್ಕದಲ್ಲಿ ನಿಂತರು. ನಾನು ತಿಂದೆ. ಉಪ್ಪು ನಿಜವಾಗಿಯೂ ಸ್ವಲ್ಪ ಕಡಿಮೆಯಿತ್ತು.